ರಾತ್ರಿ ಕಳೆಯುವಷ್ಟರಲ್ಲಿ ಕಾರಿನ ಬ್ಯಾಟರಿ ಖಾಲಿ: ಹೊಸ ಬ್ಯಾಟರಿ ಹಾಕಿಸಿದರೂ ತೊಂದರೆ ತಪ್ಪಿಲ್ಲ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು, ಊರು ಶಿವಮೊಗ್ಗ. ಸಂಜೆ ಚೆನ್ನಾಗಿ ಓಡಿಸಿಕೊಂಡು ಬಂದು ನಿಲ್ಲಿಸಿದ ಕಾರು ಮರುದಿನ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಹೊತ್ತಿ, ಟಕ್ ಟಕ್ ಎಂಬ ಸದ್ದು ಬಂದು ಎಲ್ಲವೂ ನಿಂತುಬಿಡುತ್ತದೆ. ಜಂಪ್ ಸ್ಟಾರ್ಟ್ ಮಾಡಿದರೆ ದಿನವಿಡೀ ಯಾವ ತಕರಾರೂ ಇಲ್ಲದೆ ಓಡುತ್ತದೆ. ಹಳೆಯ ಬ್ಯಾಟರಿ ಸತ್ತಿದೆ ಎಂದು ಅಂಗಡಿಯವರು ಹೇಳಿದ್ದರಿಂದ 35 ಆಂಪಿಯರ್-ಅವರ್‌ನ ಹೊಸ ಬ್ಯಾಟರಿ ಹಾಕಿಸಿದೆವು; ಎರಡು ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಈಗ ಸರ್ವೀಸ್ ಸೆಂಟರಿನವರು, ಇಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಆ ಖರ್ಚು ಸಣ್ಣದಲ್ಲ. ಪ್ರತಿ ರಾತ್ರಿಯೂ ಹೀಗಾಗುವುದಿಲ್ಲ ಎಂಬುದೇ ನನಗೆ ಅರ್ಥವಾಗದ ಸಂಗತಿ. ಕೆಲವೊಮ್ಮೆ ಮೂರು ದಿನ ನಿಲ್ಲಿಸಿದರೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಬಿಡಿಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋಗುವ ಬದಲು ಕಾರಣವನ್ನೇ ಕಂಡುಹಿಡಿಯುವ ದಾರಿ ಯಾವುದು?

ಗ್ಯಾರೇಜ್_ಗದಗ
ಡೈನಮೋ, ಅಂದರೆ ಆ ಆಲ್ಟರ್ನೇಟರೇ ಹೋಗಿದೆ ಮೇಡಂ. ಬ್ಯಾಟರಿ ಹೊಸದಾಗಿದ್ದೂ ಡೌನ್ ಆಗುತ್ತಿದೆ ಎಂದರೆ ಅದು ಚಾರ್ಜ್ ಆಗುತ್ತಿಲ್ಲ ಎಂದೇ ಅರ್ಥ.

ಐಟಿಐ_ಮೇಷ್ಟ್ರು
ಗದಗಿನವರ ಮಾತನ್ನು ನಾನು ಒಪ್ಪುವುದಿಲ್ಲ. ಚಾರ್ಜ್ ಆಗದಿರುವುದು ಒಂದು ರೋಗ, ನಿಂತಲ್ಲೇ ಸೋರಿ ಹೋಗುವುದು ಇನ್ನೊಂದು ರೋಗ. ಆಲ್ಟರ್ನೇಟರ್ ಕೆಲಸ ಮಾಡದಿದ್ದರೆ ಓಡಿಸುವಾಗಲೇ ಬ್ಯಾಟರಿಯ ಕೆಂಪು ದೀಪ ಉರಿಯಬೇಕಿತ್ತು, ಹೆಡ್‌ಲೈಟ್ ಮಂಕಾಗಬೇಕಿತ್ತು, ಮೂರು ದಿನ ನಿಂತ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಲೇ ಇರಲಿಲ್ಲ.

ಏನನ್ನಾದರೂ ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ತನ್ನಿ. ಐನೂರು ರೂಪಾಯಿಯ ಸಾಧಾರಣ ಮೀಟರ್ ಸಾಕು. ಕಾರು ನಿಂತು ಕೆಲವು ಗಂಟೆಗಳಾದ ಮೇಲೆ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ನೋಡಿ. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ; 12ಕ್ಕಿಂತ ಕೆಳಗಿಳಿದರೆ ಬಹುಪಾಲು ಖಾಲಿ. ಆಮೇಲೆ ಇಂಜಿನ್ ಚಾಲೂ ಮಾಡಿ ಮತ್ತೆ ನೋಡಿ. 13.8ರಿಂದ 14.5ರ ಒಳಗೆ ಸಿಕ್ಕರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. ಈ ಅಂಕಿಗಳನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ಆಮೇಲೆ ಮಾತಾಡೋಣ.

ಕೊಡಗಿನ_ಮಳೆ
ಡಿಕ್ಕಿಯ ದೀಪ ನೋಡಿದಿರಾ? ನಮ್ಮ ಕಾರಿನಲ್ಲಿ ಡಿಕ್ಕಿ ಮುಚ್ಚಿದ ಮೇಲೂ ಒಳಗಿನ ದೀಪ ಉರಿಯುತ್ತಲೇ ಇತ್ತು. ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಒಳಗಿಟ್ಟು, ಮುಚ್ಚಿ ತೆಗೆದಾಗ ಗೊತ್ತಾಯಿತು. ಗ್ಲೋವ್ ಬಾಕ್ಸಿನ ದೀಪವೂ ಹೀಗೆಯೇ ಮಾಡುವುದುಂಟು.

ಅಳೆದು_ಸುರಿದು
ಕೊಡಗಿನವರು ಹೇಳಿದ್ದು ನೋಡಬೇಕಾದ ಜಾಗವೇ, ಆದರೆ ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಡಿಕ್ಕಿಯ ದೀಪ ಸಾಮಾನ್ಯವಾಗಿ 5 ವ್ಯಾಟ್‌ನದು, ಅಂದರೆ 0.4 ಆಂಪಿಯರ್. ಹತ್ತು ಗಂಟೆ ಉರಿದರೆ ಬ್ಯಾಟರಿಯಿಂದ ಹೋಗುವುದು 4 ಆಂಪಿಯರ್-ಅವರ್. 35 ಆಂಪಿಯರ್-ಅವರ್‌ನ ಆರೋಗ್ಯವಂತ ಬ್ಯಾಟರಿ ಇಷ್ಟಕ್ಕೆಲ್ಲ ಮಲಗುವುದಿಲ್ಲ. ನಮ್ಮ ಹವೆಯಲ್ಲಿ ಸೆಲ್ಫ್ ಎತ್ತದಂತಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು, 20 ಆಂಪಿಯರ್-ಅವರ್‌ನಷ್ಟಾದರೂ ಖಾಲಿಯಾಗಬೇಕು. ಒಂದೇ ರಾತ್ರಿಯಲ್ಲಿ ಅಷ್ಟು ಹೋಗಬೇಕಾದರೆ ಏನೋ ಒಂದು 2 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು ಎಳೆಯುತ್ತಿರಬೇಕು. ಪಾರ್ಕಿಂಗ್ ದೀಪಗಳನ್ನು ರಾತ್ರಿಯಿಡೀ ಉರಿಯಲು ಬಿಟ್ಟಷ್ಟು ದೊಡ್ಡ ಸೋರಿಕೆ ಇದು.

ಹಾಗಾಗಿ ಮೇಡಂ, ನಿಮ್ಮ ಮುಂದೆ ಇರುವುದು ಎರಡೇ ಸಾಧ್ಯತೆ: ಬ್ಯಾಟರಿ ಹೊಸದಾದರೂ ಒಳಗೆ ದೋಷವಿದೆ, ಇಲ್ಲವೇ ಎಳೆತ ನಿಜಕ್ಕೂ ದೊಡ್ಡದಿದೆ. ಈ ಎರಡನ್ನು ಬೇರ್ಪಡಿಸಲು ಮೀಟರ್ ಕೂಡ ಬೇಡ. ರಾತ್ರಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಮಲಗಿ. ಬೆಳಿಗ್ಗೆ ಜೋಡಿಸಿದಾಗ ಸ್ಟಾರ್ಟ್ ಆದರೆ ಎಳೆಯುತ್ತಿರುವುದು ಕಾರು. ಬಿಚ್ಚಿಟ್ಟಿದ್ದರೂ ಸತ್ತಿದ್ದರೆ ಬ್ಯಾಟರಿಯದೇ ತಪ್ಪು. ನಿಮ್ಮ ತೊಂದರೆ ದಿನವೂ ಬರುವುದಿಲ್ಲವಾದ್ದರಿಂದ ಇದನ್ನು ಸತತವಾಗಿ ಒಂದು ವಾರವಾದರೂ ಮಾಡಬೇಕಾಗುತ್ತದೆ.

ಹುಬ್ಬಳ್ಳಿ_ಡ್ರೈವರ್
ದಿನಾ ರಾತ್ರಿ ಟರ್ಮಿನಲ್ ಬಿಚ್ಚಿಟ್ಟರೆ ಮುಗಿಯಿತಲ್ಲ. ಅದಕ್ಕೆಂದೇ ತಿರುಗಿಸುವ ಕಟ್-ಆಫ್ ಸ್ವಿಚ್ ಅಂಗಡಿಯಲ್ಲಿ ಸಿಗುತ್ತದೆ. ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ?

ಐಟಿಐ_ಮೇಷ್ಟ್ರು
ಹುಬ್ಬಳ್ಳಿಯವರೇ, ಪರೀಕ್ಷೆಗಾಗಿ ಬಿಚ್ಚುವುದು ಸರಿ, ಅದನ್ನೇ ಚಿಕಿತ್ಸೆ ಎಂದುಕೊಳ್ಳುವುದು ಸರಿಯಲ್ಲ. ಎಲ್ಲೋ ಒಂದು ಕಡೆ 2 ಆಂಪಿಯರ್ ಹರಿಯುತ್ತಿದೆ ಎಂದರೆ ಅಲ್ಲಿ ಏನೋ ಒಂದು ಬಿಸಿಯಾಗುತ್ತಿದೆ. ಅದು ಇಲಿ ಕಡಿದ ವೈರಾಗಿದ್ದರೆ ಹಗಲು ಓಡಿಸುವಾಗಲೂ ಅಪಾಯವೇ. ಜೊತೆಗೆ ದಿನವೂ ಬಿಚ್ಚಿದರೆ ಗಡಿಯಾರ ಹೋಗುತ್ತದೆ, ಕೆಲವು ಕಾರುಗಳಲ್ಲಿ ಸ್ಟೀರಿಯೊ ಕೋಡ್ ಕೇಳುತ್ತದೆ, ಪವರ್ ವಿಂಡೋ ತನ್ನಷ್ಟಕ್ಕೆ ಏರುವುದನ್ನು ಮರೆಯುತ್ತದೆ. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್ ಎಂಬುದನ್ನು ಯಾರೂ ಮರೆಯಬೇಡಿ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಜಾರಿ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್‌ಗೆ ಆ ಒಂದು ಕಿಡಿ ಸಾಕು.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಮೀಟರ್ ತಂದೆವು. ರಾತ್ರಿ ನಿಲ್ಲಿಸಿ ಮೂರು ಗಂಟೆಯ ನಂತರ 12.58 ವೋಲ್ಟ್, ಬೆಳಿಗ್ಗೆ 12.55, ಇಂಜಿನ್ ಚಾಲೂ ಇದ್ದಾಗ 14.2. ಆ ಬೆಳಿಗ್ಗೆ ಕಾರು ಸಲೀಸಾಗಿ ಸ್ಟಾರ್ಟ್ ಆಯಿತು. ಇನ್ನೊಂದು ಬೆಳಿಗ್ಗೆ ಸೆಲ್ಫ್ ಎತ್ತಲಿಲ್ಲ, ಆಗ ನೋಡಿದರೆ 10.9. ನೆಗೆಟಿವ್ ಬಿಚ್ಚಿಟ್ಟ ವಾರದಲ್ಲಿ ಒಂದು ದಿನವೂ ತೊಂದರೆಯಾಗಲಿಲ್ಲ. ಡಿಕ್ಕಿಯ ದೀಪ ಆರುತ್ತಿದೆ, ಕೊಡಗಿನವರು ಹೇಳಿದಂತೆ ವಿಡಿಯೊ ಇಟ್ಟು ನೋಡಿದೆ.

ಗ್ಯಾರೇಜ್_ಗದಗ
14.2 ಬಂತೆಂದರೆ ಚಾರ್ಜಿಂಗ್ ಸರಿ ಇದೆ, ಒಪ್ಪಿದೆ. ಆದರೆ ಆಲ್ಟರ್ನೇಟರನ್ನು ಪೂರ್ತಿ ಕೈಬಿಡಬೇಡಿ. ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಳಾದರೆ ಇಂಜಿನ್ ನಿಂತ ಮೇಲೆ ಬ್ಯಾಟರಿಯ ಕರೆಂಟ್ ಹಿಮ್ಮುಖವಾಗಿ ಆಲ್ಟರ್ನೇಟರಿನೊಳಕ್ಕೇ ಹರಿಯುತ್ತದೆ. ನಾನು ಇಂಥ ಗಾಡಿಗಳನ್ನು ಕಂಡಿದ್ದೇನೆ. ಹೊರಗಿನಿಂದ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ.

ಐಟಿಐ_ಮೇಷ್ಟ್ರು
ಈ ಮಾತು ನೂರಕ್ಕೆ ನೂರು ನಿಜ. ಅದಕ್ಕೂ ಪರೀಕ್ಷೆ ಇದೆ: ಇಂಜಿನ್ ಚಾಲೂ ಇದ್ದಾಗ ಮೀಟರನ್ನು ಎ.ಸಿ. (ಪರ್ಯಾಯ ವಿದ್ಯುತ್) ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಮೇಲೆ ನೋಡಬೇಕು. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಡಯೋಡ್ ಮೇಲೆ ಅನುಮಾನ ಪಡಬಹುದು. ಅಗ್ಗದ ಕೆಲವು ಮೀಟರ್‌ಗಳು ಈ ಅಳತೆಯಲ್ಲಿ ಬ್ಯಾಟರಿಯ ಡಿ.ಸಿ.ಯನ್ನೂ (ನೇರ ವಿದ್ಯುತ್) ಸೇರಿಸಿ ತಪ್ಪು ಅಂಕಿ ತೋರಿಸುತ್ತವೆ, ಹಾಗಾಗಿ 28 ವೋಲ್ಟ್ ಎಂದೆಲ್ಲ ಬಂದರೆ ಗಾಬರಿಯಾಗಬೇಡಿ.

ಅಳೆದು_ಸುರಿದು
ಈಗ ಚಿತ್ರ ಸ್ಪಷ್ಟವಾಗುತ್ತಿದೆ. ಬ್ಯಾಟರಿ ನಿರ್ದೋಷಿ, ಎಳೆಯುತ್ತಿರುವುದು ಕಾರು, ಅದೂ ಆಗಾಗ ಮಾತ್ರ. ಇನ್ನು ಎಳೆತವನ್ನೇ ಅಳೆಯಬೇಕು.

ನೆಗೆಟಿವ್ ಕೇಬಲ್ ಬಿಚ್ಚಿ, ಆ ಕೇಬಲ್ ಮತ್ತು ಬ್ಯಾಟರಿಯ ನೆಗೆಟಿವ್ ಕಂಬದ ನಡುವೆ ಮಲ್ಟಿಮೀಟರನ್ನು ಸೇರಿಸಬೇಕು. ಕೆಂಪು ವೈರನ್ನು ಮೀಟರಿನ 10 ಆಂಪಿಯರ್ ತೂತಿಗೇ ಹಾಕಬೇಕು, ಮಿಲಿಆಂಪಿಯರ್ ತೂತಿಗಲ್ಲ. ಮೀಟರ್ ನಡುವೆ ಇರುವಾಗ ಯಾವ ಕಾರಣಕ್ಕೂ ಕೀ ತಿರುಗಿಸಬಾರದು. ಸ್ಟಾರ್ಟರ್ ಮೋಟಾರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಮೀಟರಿನ ಫ್ಯೂಸ್ ಹಾರುತ್ತದೆ, ಫ್ಯೂಸ್ ಇಲ್ಲದ ಅಗ್ಗದ ಮೀಟರ್ ಆದರೆ ಅದೇ ಸುಟ್ಟುಹೋಗುತ್ತದೆ. ಜೋಡಿಸಿದ ಕೂಡಲೇ ಒಂದೆರಡು ಆಂಪಿಯರ್ ಕಂಡರೆ ಹೆದರಬೇಡಿ, ಕಾರಿನ ಕಂಪ್ಯೂಟರ್‌ಗಳು ಎಚ್ಚರಗೊಂಡಿರುತ್ತವೆ. ಬಾಗಿಲು ಮುಚ್ಚಿ, ಲಾಕ್ ಮಾಡಿ, ರಿಮೋಟ್ ಕೀಯನ್ನು ಮನೆಯೊಳಗಿಟ್ಟು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾಯಿರಿ. ಅವೆಲ್ಲ ನಿದ್ದೆಗೆ ಜಾರಿದ ಮೇಲೆ 20ರಿಂದ 50 ಮಿಲಿಆಂಪಿಯರ್ ಉಳಿದರೆ ಅದು ಸಹಜ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಹುಡುಕಾಟ ಶುರು ಮಾಡಬಹುದು.

ಜೆಸಿ_ರೋಡ್_ಸ್ಟೀರಿಯೊ
ಹೊರಗೆ ಹಾಕಿಸಿದ ಸ್ಟೀರಿಯೊ, ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್ ಏನಾದರೂ ಇದೆಯೇ? ಸ್ಟೀರಿಯೊಗೆ ಹಳದಿ ವೈರ್ ನೇರ ಬ್ಯಾಟರಿಗೆ ಹೋಗುತ್ತದೆ, ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗಕ್ಕೆ ಹೋಗಬೇಕು. ಅವಸರದಲ್ಲಿ ಎರಡನ್ನೂ ಹಳದಿಗೇ ಕಟ್ಟಿಬಿಡುವ ಫಿಟರ್‌ಗಳಿದ್ದಾರೆ. ಆಗ ಪರದೆ ಆರಿದಂತೆ ಕಂಡರೂ ಒಳಗೆ ಸೆಟ್ ಎಚ್ಚರವಾಗಿಯೇ ಇರುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಕಾರಿನ ದೋಷಗಳನ್ನು ಓದಲು ಇರುವ ಓಬಿಡಿ ಪೋರ್ಟಿಗೆ ಸಿಕ್ಕಿಸಿಟ್ಟ ಬ್ಲೂಟೂತ್ ಅಡಾಪ್ಟರ್ ಕೂಡ ಕಾರನ್ನು ಮಲಗಲು ಬಿಡದೆ ಇರಬಹುದು.

ತುಂಗಾತೀರ
ಕಂಪನಿಯ ಸ್ಟೀರಿಯೊ ಬಿಟ್ಟು ಬೇರೇನೂ ಹಾಕಿಸಿಲ್ಲ. ನಿನ್ನೆ ಮಧ್ಯಾಹ್ನ ನನ್ನ ತಮ್ಮನ ಜೊತೆ ಸೇರಿ ಅಳೆದೆ. ಮೊದಲು 1.8 ಆಂಪಿಯರ್ ತೋರಿಸಿ, ಇಪ್ಪತ್ತೈದು ನಿಮಿಷದ ಹೊತ್ತಿಗೆ 0.03ಕ್ಕೆ ಇಳಿಯಿತು. ಆಮೇಲೆ ಒಂದು ಗಂಟೆ ಕಾದರೂ ಅಲ್ಲೇ ಇತ್ತು. ಎ.ಸಿ. ವೋಲ್ಟ್ ಪರೀಕ್ಷೆಯಲ್ಲಿ 0.04 ಬಂತು. ಎಲ್ಲವೂ ಸರಿ ಇದೆ ಎಂದೇ ಕಾಣುತ್ತಿದೆ, ಹಾಗಿದ್ದರೆ 10.9 ಬಂದದ್ದು ಹೇಗೆ?

ಹುಬ್ಬಳ್ಳಿ_ಡ್ರೈವರ್
ಕಟ್-ಆಫ್ ಸ್ವಿಚ್ ಬಗ್ಗೆ ಮತ್ತೊಮ್ಮೆ ಯೋಚಿಸಿ.

ಐಟಿಐ_ಮೇಷ್ಟ್ರು
ಬೇಡ ಮೇಡಂ, ಇಷ್ಟು ಹತ್ತಿರ ಬಂದು ಬಿಡಬೇಡಿ. ನೀವು ಅಳೆದದ್ದು ತಪ್ಪಲ್ಲ, ಕಾರು ಸರಿಯಿದ್ದ ಹೊತ್ತಿನಲ್ಲಿ ಅಳೆದಿದ್ದೀರಿ. ಆಗಾಗ ಬರುವ ದೋಷವನ್ನು ಅದು ಬಂದಿರುವಾಗಲೇ ಹಿಡಿಯಬೇಕು. ನನ್ನದೊಂದು ಪ್ರಶ್ನೆ: ತೊಂದರೆಯಾದ ಬೆಳಗಿನ ಹಿಂದಿನ ಸಂಜೆ ನೀವು ಏನು ಮಾಡಿದ್ದಿರಿ ಎಂದು ನೆನಪಿಸಿಕೊಳ್ಳಬಲ್ಲಿರಾ? ಮಳೆ ಇತ್ತೇ, ವೈಪರ್ ಓಡಿತ್ತೇ, ಎ.ಸಿ. ಹಾಕಿದ್ದಿರೇ, ಡಿಕ್ಕಿ ತೆರೆದಿದ್ದಿರೇ, ದೂರ ಪ್ರಯಾಣವೇ, ಹತ್ತಿರವೇ? ಚಿಕ್ಕದೆಂದು ಬಿಡದೆ ಎಲ್ಲವನ್ನೂ ಬರೆಯಿರಿ.

ಟೊರಾಂಟೊ_ಕನ್ನಡಿಗ
ನಮ್ಮಲ್ಲಿ ಚಳಿಗಾಲ ಬಂದ ಕೂಡಲೇ ಪ್ರತಿ ಪಾರ್ಕಿಂಗ್‌ನಲ್ಲೂ ಇದೇ ಮಾತು, ಆದರೆ ಕಾರಣ ಬೇರೆ. ಇಲ್ಲಿನ ಬ್ಯಾಟರಿಗಳ ಮೇಲೆ ಸಿಸಿಎ ಎಂದು ಬರೆದಿರುತ್ತದೆ. ಮೈನಸ್ 18 ಡಿಗ್ರಿಯಲ್ಲಿ, 7.2 ವೋಲ್ಟ್‌ಗಿಂತ ಕೆಳಗಿಳಿಯದೆ, 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಅಳತೆ ಅದು. ಚಳಿಯಲ್ಲಿ ಬ್ಯಾಟರಿಯ ಶಕ್ತಿಯೂ ಕುಗ್ಗುತ್ತದೆ, ಇಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟರಿಗೆ ಬೇಕಾಗುವ ಶಕ್ತಿಯೂ ಹೆಚ್ಚುತ್ತದೆ. ಶಿವಮೊಗ್ಗದಲ್ಲಿ ಈ ಕಾರಣ ಹೇಳಲು ಬರುವುದಿಲ್ಲ. ಮೇಷ್ಟ್ರ ಪ್ರಶ್ನೆಗೆ ಉತ್ತರ ಏನು ಬರುತ್ತದೆ ಎಂದು ನಾನೂ ಕಾಯುತ್ತಿದ್ದೇನೆ.

ಟ್ಯಾಕ್ಸಿ_ಕಲಬುರಗಿ
ಚಳಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಬ್ಯಾಟರಿಯ ಆಯಸ್ಸನ್ನು ನಿಜಕ್ಕೂ ತಿನ್ನುವುದು ಬಿಸಿಲು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಾನೆಟ್ಟಿನ ಕೆಳಗೆ ಕೈ ಇಡಲಾಗುವುದಿಲ್ಲ. ಡಿಸ್ಟಿಲ್ಡ್ ವಾಟರ್ ಆವಿಯಾಗಿ ಮಟ್ಟ ಇಳಿದು ಒಳಗಿನ ಪ್ಲೇಟ್ ಹೊರಗೆ ಕಂಡರೆ ಆ ಭಾಗ ಮತ್ತೆ ಕೆಲಸಕ್ಕೆ ಬಾರದು. ನಲ್ಲಿ ನೀರನ್ನು ಮಾತ್ರ ಯಾರೂ ಹಾಕಬೇಡಿ.

ತುಂಗಾತೀರ
ಮೇಷ್ಟ್ರೇ, ಮನೆಯವರೆಲ್ಲ ಕೂತು ನೆನಪು ಮಾಡಿಕೊಂಡೆವು. ತೊಂದರೆ ಶುರುವಾದದ್ದು ಮಾರ್ಚ್‌ನಲ್ಲಿ. ನಾನು ಒಬ್ಬಳೇ ಓಡಿಸುವಾಗ ಕಿಟಕಿ ತೆರೆದುಕೊಂಡು ಹೋಗುತ್ತೇನೆ; ಅಮ್ಮ ಜೊತೆಗಿದ್ದರೆ ಎ.ಸಿ. ಬೇಕು. ಅಮ್ಮನನ್ನು ಸಂಜೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ ದಿನಗಳ ಮರುದಿನವೇ ಹೆಚ್ಚಾಗಿ ಕಾರು ಸತ್ತಿದೆ. ಮಧ್ಯಾಹ್ನ ಅಳೆದ ದಿನ ಎ.ಸಿ. ಹಾಕಿರಲಿಲ್ಲ. ಆದರೆ ಕಾರು ನಿಂತ ಮೇಲೆ ಎ.ಸಿ. ಓಡುವುದಾದರೂ ಹೇಗೆ? ಬ್ಲೋವರ್ ಸದ್ದೇ ಇರುವುದಿಲ್ಲವಲ್ಲ.

ಗ್ಯಾರೇಜ್_ಗದಗ
ಸಿಕ್ಕಿತು! ಎ.ಸಿ. ಕಂಪ್ರೆಸರ್ ಕ್ಲಚ್ಚಿನ ರಿಲೇ!

ಐಟಿಐ_ಮೇಷ್ಟ್ರು
ಗದಗಿನವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ, ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪ್ರೆಸರಿನ ಪುಲ್ಲಿ ಇಂಜಿನ್ ಓಡುವಷ್ಟು ಹೊತ್ತೂ ಬೆಲ್ಟಿನ ಜೊತೆ ತಿರುಗುತ್ತಿರುತ್ತದೆ. ಎ.ಸಿ. ಗುಂಡಿ ಒತ್ತಿದಾಗ ಪುಲ್ಲಿಯ ಒಳಗಿನ ವಿದ್ಯುತ್ಕಾಂತವು ಮುಂಭಾಗದ ತಟ್ಟೆಯನ್ನು ಪುಲ್ಲಿಗೆ ಅಂಟಿಸಿಕೊಳ್ಳುತ್ತದೆ, ಆಗ ಕಂಪ್ರೆಸರ್ ತಿರುಗುತ್ತದೆ. ಆ ಸುರುಳಿಯ ರೋಧ ಸಾಮಾನ್ಯವಾಗಿ 3ರಿಂದ 4 ಓಮ್, ಅಂದರೆ ಅದು ಎಳೆಯುವುದು 3ರಿಂದ 4 ಆಂಪಿಯರ್. ಇಷ್ಟು ಕರೆಂಟನ್ನು ಗುಂಡಿಯ ಮೂಲಕ ನೇರವಾಗಿ ಹಾಯಿಸದೆ ಇಂಜಿನ್ ಕಡೆಯ ಫ್ಯೂಸ್ ಬಾಕ್ಸಿನಲ್ಲಿರುವ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್, ಅದರ ಮೂಲಕ ಕೊಡುತ್ತಾರೆ. ಎಷ್ಟೋ ಕಾರುಗಳಲ್ಲಿ ಆ ರಿಲೇಯ ಸಂಪರ್ಕಕ್ಕೆ ಬ್ಯಾಟರಿಯಿಂದ ಸದಾ ಕರೆಂಟ್ ಬರುತ್ತಿರುತ್ತದೆ. ವರ್ಷಗಟ್ಟಲೆ ಕಿಡಿ ಹಾರಿ ಹಾರಿ ಸಂಪರ್ಕದ ತುದಿಗಳು ಸವೆದು, ಬಿಸಿಯಲ್ಲಿ ಒಂದಕ್ಕೊಂದು ಬೆಸೆದುಕೊಂಡರೆ, ಕೀ ತೆಗೆದ ಮೇಲೂ ಕ್ಲಚ್ಚಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಬ್ಲೋವರ್ ಓಡುವುದಿಲ್ಲ, ದೀಪ ಉರಿಯುವುದಿಲ್ಲ, ಯಾವ ಸದ್ದೂ ಇಲ್ಲ. ಅಳೆದು_ಸುರಿದು ಅವರ ಲೆಕ್ಕಕ್ಕೂ ಇದು ಸರಿಹೊಂದುತ್ತದೆ: ಹತ್ತು ಗಂಟೆಗೆ 30 ಆಂಪಿಯರ್-ಅವರ್ ದಾಟುತ್ತದೆ.

ಎ.ಸಿ. ಹಾಕಿಕೊಂಡು ಅರ್ಧ ಗಂಟೆ ಓಡಿಸಿ ಬನ್ನಿ. ಎ.ಸಿ. ಆರಿಸದೆಯೇ ಕೀ ತೆಗೆಯಿರಿ, ಕೀಯನ್ನು ಜೇಬಿನಲ್ಲಿಟ್ಟುಕೊಂಡು ಬಾನೆಟ್ ಎತ್ತಿ. ಕಂಪ್ರೆಸರ್ ಕ್ಲಚ್ಚಿನ ಮುಂದಿನ ತಟ್ಟೆಗೆ ಕೈ ಎಟುಕಿದರೆ ಬೆರಳಿನಿಂದ ತಿರುಗಿಸಿ ನೋಡಿ. ಸಹಜವಾಗಿ ಅದು ಪುಲ್ಲಿಯನ್ನು ಬಿಟ್ಟು ತಾನೊಂದೇ ತಿರುಗಬೇಕು. ಪುಲ್ಲಿಗೆ ಬಿಗಿಯಾಗಿ ಕಚ್ಚಿಕೊಂಡಿದ್ದರೆ ಕರೆಂಟ್ ಹೋಗುತ್ತಿದೆ ಎಂದರ್ಥ. ಆಮೇಲೆ ರಿಲೇಯನ್ನು ಕಿತ್ತರೆ ಕಂಪ್ರೆಸರ್ ಕಡೆಯಿಂದ ಟಪ್ ಎಂದು ತಟ್ಟೆ ಬಿಡುವ ಸದ್ದು ಕೇಳಿಸುತ್ತದೆ.

ಅಳೆದು_ಸುರಿದು
ಒಂದು ಎಚ್ಚರಿಕೆ ಸೇರಿಸುತ್ತೇನೆ. ಅರೆಬರೆ ಅಂಟಿಕೊಂಡ ರಿಲೇ, ಬಾನೆಟ್ ಧಡಾರನೆ ಬಿದ್ದರೂ ಸಾಕು, ಬಿಟ್ಟುಕೊಂಡುಬಿಡುತ್ತದೆ. ಟರ್ಮಿನಲ್ ಬಿಚ್ಚುವ ಗಲಾಟೆಯಲ್ಲಿ ಸಾಕ್ಷ್ಯವೇ ಹೋಗಬಾರದು ಎಂದಿದ್ದರೆ ಡಿ.ಸಿ. ಅಳೆಯುವ ಕ್ಲಾಂಪ್ ಮೀಟರ್ ಸಿಕ್ಕೀತೇ ಎಂದು ನೋಡಿ. ಕೇಬಲ್ಲಿನ ಸುತ್ತ ತೊಡಿಸಿದರೆ ಆಯಿತು, ಏನನ್ನೂ ಬಿಚ್ಚಬೇಕಿಲ್ಲ. ಮನೆಯ ವೈರಿಂಗ್‌ಗೆ ಬಳಸುವ ಮಾಮೂಲಿ ಕ್ಲಾಂಪ್ ಮೀಟರ್‌ಗಳು ಎ.ಸಿ. ಕರೆಂಟನ್ನಷ್ಟೇ ಅಳೆಯುತ್ತವೆ, ಅವು ಇಲ್ಲಿ ಸೊನ್ನೆಯನ್ನೇ ತೋರಿಸುತ್ತವೆ.

ಕ್ಲಾಂಪ್ ಸಿಗದಿದ್ದರೂ ದಾರಿ ಇದೆ. ಫ್ಯೂಸನ್ನು ಕೀಳದೆ, ಅದರ ನೆತ್ತಿಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಮೀಟರಿನ ತುದಿಗಳನ್ನು ಒತ್ತಿ, ಮಿಲಿವೋಲ್ಟ್ ನೋಡಿ. ಫ್ಯೂಸಿಗೂ ಸಣ್ಣದೊಂದು ರೋಧ ಇರುವುದರಿಂದ ಕರೆಂಟ್ ಹರಿಯುತ್ತಿರುವ ಫ್ಯೂಸಿನ ಮೇಲೆ ಮಾತ್ರ ಅಂಕಿ ಬರುತ್ತದೆ. ಉಳಿದವು ಸೊನ್ನೆ. ಫ್ಯೂಸ್ ಕಿತ್ತು ಹಾಕುತ್ತಾ ಹೋದರೆ ಮಲಗಿದ ಕಂಪ್ಯೂಟರ್‌ಗಳು ಮತ್ತೆ ಎದ್ದು ಲೆಕ್ಕ ಕೆಡುತ್ತದೆ, ಈ ವಿಧಾನದಲ್ಲಿ ಆ ತೊಂದರೆ ಇಲ್ಲ.

ತುಂಗಾತೀರ
ಅದೇ ಆಗಿತ್ತು! ನಿನ್ನೆ ಸಂಜೆ ಭದ್ರಾವತಿಯವರೆಗೆ ಎ.ಸಿ. ಹಾಕಿಕೊಂಡು ಹೋಗಿ ಬಂದೆವು. ಕೀ ತೆಗೆದು, ಬಾನೆಟ್ಟನ್ನು ಮೆಲ್ಲಗೆ ಎತ್ತಿ, ತಮ್ಮ ಎ.ಸಿ. ಫ್ಯೂಸಿನ ನೆತ್ತಿಗೆ ಮೀಟರ್ ಹಿಡಿದ. ಪಕ್ಕದ ಫ್ಯೂಸ್‌ಗಳೆಲ್ಲ 0.0, ಇದೊಂದರ ಮೇಲೆ ಮಾತ್ರ ಇಪ್ಪತ್ತಕ್ಕೂ ಹೆಚ್ಚು ಮಿಲಿವೋಲ್ಟ್. ಕ್ಲಚ್ಚಿನ ತಟ್ಟೆ ಪುಲ್ಲಿಗೆ ಕಚ್ಚಿಕೊಂಡಿತ್ತು, ಎಷ್ಟು ಒತ್ತಿದರೂ ಅಲುಗಲಿಲ್ಲ. ಒಂದು ಗಂಟೆ ಹಾಗೆಯೇ ಬಿಟ್ಟು ನೋಡಿದರೆ ಇಂಜಿನ್ ತಣ್ಣಗಾಗುತ್ತಾ ಬಂದಿತ್ತು, ಆದರೆ ಕ್ಲಚ್ಚಿನ ಭಾಗ ಮಾತ್ರ ಬಿಸಿಯಾಗಿಯೇ ಇತ್ತು. ರಿಲೇ ಕಿತ್ತ ಕೂಡಲೇ ಮೇಷ್ಟ್ರು ಹೇಳಿದ ಅದೇ ಟಪ್ ಸದ್ದು. ರಿಲೇಯನ್ನು ಕಿವಿಯ ಬಳಿ ಅಲ್ಲಾಡಿಸಿ, ಮೇಜಿಗೆ ಒಮ್ಮೆ ತಟ್ಟಿದಾಗ ಒಳಗೆ ಸಣ್ಣಗೆ ಚಟ್ ಎಂದಿತು. ಇವತ್ತು ಹೊಸ ರಿಲೇ ತಂದು ಹಾಕಿದೆವು. ಆಲ್ಟರ್ನೇಟರಿಗೆ ಹೋಗಬೇಕಿದ್ದ ಹಣ ಹಾಗೆಯೇ ಉಳಿಯಿತು. ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಕಡಿಮೆಯೇ.

ಕೊಡಗಿನ_ಮಳೆ
ಓದಿ ಬಹಳ ಸಂತೋಷವಾಯಿತು ಮೇಡಂ.

ಗ್ಯಾರೇಜ್_ಗದಗ
ಹೊಸ ರಿಲೇಯ ಆಂಪಿಯರ್ ಮತ್ತು ಕಾಲುಗಳ ಜೋಡಣೆ ಹಳೆಯದರಂತೆಯೇ ಇದೆಯೇ ಎಂದು ನೋಡಿಕೊಳ್ಳಿ. ನೋಡಲು ಒಂದೇ ಥರ ಇರುವ ರಿಲೇಗಳಲ್ಲೂ ಒಳಗಿನ ಸಂಪರ್ಕ ಬೇರೆ ಇರುತ್ತದೆ. ಅನುಮಾನವಿದ್ದರೆ ಹಾರ್ನಿನ ರಿಲೇ ಅದೇ ನಂಬರಿನದಾಗಿದ್ದರೆ ಅದನ್ನೇ ಹಾಕಿ ಪರೀಕ್ಷಿಸಬಹುದು.

ಐಟಿಐ_ಮೇಷ್ಟ್ರು
ಇನ್ನೊಂದು ಕೆಲಸ ಬಾಕಿ ಇದೆ. ಕ್ಲಚ್ಚಿನ ಸುರುಳಿಗೆ ಕರೆಂಟ್ ಕಡಿದಾಗ ಅದು ತಿರುಗಿ ಎಸೆಯುವ ಹೆಚ್ಚಿನ ವೋಲ್ಟೇಜನ್ನು ಹೀರಿಕೊಳ್ಳಲು ಅನೇಕ ಕಾರುಗಳಲ್ಲಿ ಒಂದು ಡಯೋಡ್ ಇಟ್ಟಿರುತ್ತಾರೆ. ಅದು ಸುಟ್ಟುಹೋಗಿದ್ದರೆ ರಿಲೇಯ ತುದಿಗಳಲ್ಲಿ ಪ್ರತಿ ಸಲವೂ ದೊಡ್ಡ ಕಿಡಿ ಹಾರಿ ಹೊಸ ರಿಲೇಯೂ ಬೇಗ ಸವೆಯುತ್ತದೆ. ಎ.ಸಿ. ಮೆಕ್ಯಾನಿಕ್ ಬಳಿ ಹೋದಾಗ ಅದನ್ನು ಹೆಸರಿಟ್ಟು ಕೇಳಿ ನೋಡಿಸಿ, ಜೊತೆಗೆ ಕ್ಲಚ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬುದನ್ನೂ ಅಳೆಸಿ.

ತುಂಗಾತೀರ
ಖಂಡಿತ ನೋಡಿಸುತ್ತೇನೆ. ಇಷ್ಟು ಸಲ ಪೂರ್ತಿ ಖಾಲಿಯಾದ ಈ ಹೊಸ ಬ್ಯಾಟರಿಯ ಗತಿ ಏನು? ಓಡಿಸುತ್ತಿದ್ದರೆ ತಾನಾಗಿ ತುಂಬಿಕೊಳ್ಳುತ್ತದೆಯೇ?

ಅಳೆದು_ಸುರಿದು
ಪಟ್ಟಣದೊಳಗಿನ ಹತ್ತು ನಿಮಿಷದ ಓಡಾಟದಲ್ಲಿ ತುಂಬುವುದಿಲ್ಲ. ಖಾಲಿಯಾಗಿ ಬಿದ್ದಷ್ಟು ಹೊತ್ತೂ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ, ಆದ್ದರಿಂದ ತಡಮಾಡಬೇಡಿ. ಬ್ಯಾಟರಿ ಅಂಗಡಿಯಲ್ಲಿ ಕೊಟ್ಟು, ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು, ಅಂದರೆ ಮೂರೂವರೆ ಆಂಪಿಯರ್‌ನಲ್ಲಿ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ. ಒಂದು ದಿನ ಸುಮ್ಮನೆ ಬಿಟ್ಟು ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ನೋಡುವ ಪರೀಕ್ಷೆ) ಮಾಡಿಸಿ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಆರೂ ಸೆಲ್‌ಗಳನ್ನು ನೋಡಲು ಹೇಳಿ. ಎಲ್ಲವೂ 1.26ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಒಂದೇ ಒಂದು ಸೆಲ್ ಬಹಳ ಹಿಂದೆ ಬಿದ್ದಿದ್ದರೆ ವಾರಂಟಿ ಕಾರ್ಡ್ ತೆಗೆದುಕೊಂಡು ಹೋಗಿ.

ಟ್ಯಾಕ್ಸಿ_ಕಲಬುರಗಿ
ಇದೇ ಜಾಗದಲ್ಲಿ ನನ್ನದೂ ಒಂದು ಪ್ರಶ್ನೆ. ಬಾಡಿಗೆ ಗಾಡಿಗೆ ಕಡ್ಡಾಯವಾಗಿ ಹಾಕಿಸಿದ ಜಿಪಿಎಸ್ ಟ್ರ್ಯಾಕರ್ ಇದೆ. ಗಾಡಿ ನಿಂತಾಗ ಒಟ್ಟು ಎಳೆತ 90 ಮಿಲಿಆಂಪಿಯರ್ ಬರುತ್ತಿದೆ, ಬ್ಯಾಟರಿ 65 ಆಂಪಿಯರ್-ಅವರ್. ಊರಿಗೆ ಹೋದರೆ ಹತ್ತು ದಿನ ನಿಲ್ಲಿಸಬೇಕಾಗುತ್ತದೆ. ಏಳುತ್ತದೆಯೇ?

ಅಳೆದು_ಸುರಿದು
ದಿನಕ್ಕೆ 2.2 ಆಂಪಿಯರ್-ಅವರ್‌ನಂತೆ ಹತ್ತು ದಿನಕ್ಕೆ 22. ಬ್ಯಾಟರಿ ಗಟ್ಟಿಯಾಗಿದ್ದು, ತುಂಬಿಸಿಯೇ ನಿಲ್ಲಿಸಿದ್ದರೆ ಏಳುತ್ತದೆ. ಮೂರು ವರ್ಷ ದಾಟಿದ ಬ್ಯಾಟರಿಯಾದರೆ ಊರಿಗೆ ಹೊರಡುವ ಮೊದಲು ಲೋಡ್ ಟೆಸ್ಟ್ ಮಾಡಿಸಿಕೊಳ್ಳಿ, ಐದನೆಯ ದಿನ ಮನೆಯವರಲ್ಲಿ ಗಾಡಿ ಓಡಿಸಲು ಬರುವವರು ಯಾರಾದರೂ ಒಂದು ಗಂಟೆ ರಸ್ತೆಯಲ್ಲಿ ಓಡಿಸಿ ತರಲಿ. ನಿಂತಲ್ಲೇ ಐದು ನಿಮಿಷ ಇಂಜಿನ್ ಚಾಲೂ ಮಾಡಿ ಆರಿಸಿದರೆ ಸ್ಟಾರ್ಟ್ ಮಾಡಲು ಹೋದದ್ದಷ್ಟೇ ಹಿಂದಿರುಗಬಹುದು, ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಟ್ಯಾಕ್ಸಿ_ಕಲಬುರಗಿ
ಬ್ಯಾಟರಿಗೆ ಎರಡೂವರೆ ವರ್ಷ. ನಾಳೆಯೇ ಲೋಡ್ ಟೆಸ್ಟ್ ಮಾಡಿಸಿ ಅಂಕಿಗಳನ್ನು ಇಲ್ಲಿ ಹಾಕುತ್ತೇನೆ.